ಕಿಯಾಪೊದ ಮನೆ ಕಾಪಿಟ್ಟ ಚರಿತ್ರೆ

ಫಿಲಿಪ್ಪೀನ್ಸ್‌ನಲ್ಲಿ ಸ್ಪೇನಿನ ವಿರುದ್ಧ ಬಂಡಾಯದ ಕಿಡಿ ಹೊತ್ತಿಸಿದ ಆಂದ್ರೆಸ್ ಬೋನಿಫಾಸಿಯೊ ಅವರನ್ನು ಕೊಂದವರು ಸ್ಪೇನಿನ ಸೈನಿಕರಲ್ಲ. ಅವರೇ ಹುಟ್ಟುಹಾಕಿದ ಕ್ರಾಂತಿಯ ಜನ. ಮನಿಲಾದ ತೋಂದೊ ಪ್ರದೇಶದ ಬಡ ಮನೆಯಲ್ಲಿ ಹುಟ್ಟಿದ ಬೋನಿಫಾಸಿಯೊ 1892ರ ಜುಲೈ 7ರಂದು ಕಟಿಪುನಾನ್ ಎಂಬ ಗುಪ್ತ ಸಂಘವನ್ನು ಸ್ಥಾಪಿಸಿದವರಲ್ಲಿ ಮುಖ್ಯರು. 1896ರಲ್ಲಿ ಹೋರಾಟ ಬೀದಿಗಿಳಿದ ಮೇಲೆ ನಾಯಕತ್ವಕ್ಕಾಗಿ ಒಳಜಗಳ ಶುರುವಾಯಿತು. ಮರುವರ್ಷದ ಮಾರ್ಚ್ 22ರಂದು ತೆಹೆರೋಸ್‌ನಲ್ಲಿ ನಡೆದ ಸಭೆ ಎಮಿಲಿಯೊ ಅಗಿನಾಲ್ದೊ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಆ ಸಭೆಯ ತೀರ್ಮಾನಗಳನ್ನು ಒಪ್ಪದ ಬೋನಿಫಾಸಿಯೊ ಬಂಧನಕ್ಕೊಳಗಾದರು, ದ್ರೋಹದ ಆರೋಪ ಹೊತ್ತು ವಿಚಾರಣೆ ಎದುರಿಸಿದರು. ಮೇ 10ರಂದು ಮರಗೊಂದೋನ್ ಬೆಟ್ಟಗಳಲ್ಲಿ ಅವರನ್ನೂ ತಮ್ಮ ಪ್ರೊಕೊಪಿಯೊ ಅವರನ್ನೂ ಕೊಲ್ಲಲಾಯಿತು. ಇನ್ನೊಬ್ಬ ತಮ್ಮ ಸಿರಿಯಾಕೊ ಬಂಧನದ ಹೊತ್ತಿನಲ್ಲೇ ಸತ್ತಿದ್ದರು. ಅಗಿನಾಲ್ದೊ 1898ರ ಜೂನ್ 12ರಂದು ಕವಿತ್ ಊರಿನ ತಮ್ಮ ಮನೆಯಿಂದ ದೇಶದ ಸ್ವಾತಂತ್ರ್ಯ ಸಾರಿದರು. ಗೆದ್ದವರ ಚರಿತ್ರೆಗೆ ಹೀಗೆ ಒಂದು ದಿನಾಂಕ, ಒಂದು ಬಾವುಟ, ಒಂದು ಸರ್ಕಾರ ಸಿಕ್ಕವು. ಸೋತವರ ಪಾಲಿನ ಚರಿತ್ರೆಯಲ್ಲಿ ಬಹು ಮುಖ್ಯವಾದ ಒಂದು ಭಾಗ ಉಳಿದುಕೊಂಡದ್ದು ಮನಿಲಾದ ಕಿಯಾಪೊ ಬಡಾವಣೆಯ ಒಂದು ಕುಟುಂಬದ ಕೈಯಲ್ಲಿ.

ಆ ಕುಟುಂಬ ನಕ್ಪಿಲ್ ಅವರದು. ಬೋನಿಫಾಸಿಯೊ ಅವರ ಹೆಂಡತಿ ಗ್ರೆಗೋರಿಯಾ ದೆ ಹೆಸೂಸ್ 1875ರಲ್ಲಿ ಕಲೂಕಾನ್‌ನಲ್ಲಿ ಹುಟ್ಟಿದವರು. ಕಟಿಪುನಾನ್‌ನ ಕಾಗದಪತ್ರ, ಮೊಹರು, ಆಯುಧ ಎಲ್ಲವೂ ಅವರ ಸುಪರ್ದಿಯಲ್ಲಿದ್ದವು. ಪೊಲೀಸರು ಶೋಧಕ್ಕೆ ಬರುವ ಸುಳಿವು ಸಿಕ್ಕರೆ ಎಲ್ಲವನ್ನೂ ಬಾಚಿಕೊಂಡು ಬಾಡಿಗೆ ಕುದುರೆಗಾಡಿ ಹತ್ತಿ, ಊಟವನ್ನೂ ಬಿಟ್ಟು, ತೋಂದೊದ ಕಡಲ ದಂಡೆಯಲ್ಲೂ ಬಿನೊಂದೊದ ಬೀದಿಗಳಲ್ಲೂ ನಡುರಾತ್ರಿಯವರೆಗೆ ಸುತ್ತುತ್ತಿದ್ದರು. ಆ ಕಾಗದಗಳಲ್ಲಿದ್ದ ಒಂದೊಂದು ಹೆಸರೂ ಒಂದೊಂದು ಜೀವ ಎಂಬುದು ಅವರಿಗೆ ಗೊತ್ತಿತ್ತು. ಗಂಡನ ಕೊಲೆಯ ಬಳಿಕ ಶವವನ್ನಾದರೂ ಕಾಣಬೇಕೆಂದು ಬೆಟ್ಟ ಬೆಟ್ಟ ಅಲೆದರು, ಸಿಗಲಿಲ್ಲ. 1898ರ ಕೊನೆಗೆ ಅವರು ಮದುವೆಯಾದದ್ದು ಬೋನಿಫಾಸಿಯೊ ಅವರ ನಂಬಿಗಸ್ತ ಸಂಗಾತಿಯಾಗಿದ್ದ ಹೂಲಿಯೊ ನಕ್ಪಿಲ್ ಅವರನ್ನು. ಹೂಲಿಯೊ ಸಂಗೀತಗಾರ. 1896ರಲ್ಲಿ ಬೋನಿಫಾಸಿಯೊ ಅವರ ಕೋರಿಕೆಯಂತೆ ಕ್ರಾಂತಿಗೆಂದು ರಾಷ್ಟ್ರಗೀತೆಯನ್ನು ರಚಿಸಿದ್ದವರು. ಅಗಿನಾಲ್ದೊ ಪಕ್ಷ ಗೆದ್ದ ಮೇಲೆ ಆ ಗೀತೆ ಮೂಲೆಗೆ ಸರಿಯಿತು, ಈಗ ದೇಶ ಹಾಡುವುದು ಬೇರೊಂದು ಗೀತೆಯನ್ನು.

ಹೂಲಿಯೊ ಅವರ ಸೋದರಿ ಪೆತ್ರೊನಾ ಅವರನ್ನು ಮದುವೆಯಾಗಿದ್ದ ವೈದ್ಯ ಅರಿಸ್ತೋನ್ ಬಾವುತಿಸ್ತಾ 1914ರಲ್ಲಿ ಕಿಯಾಪೊದಲ್ಲಿ ಕಟ್ಟಿಸಿದ ಮನೆಯಲ್ಲಿ ಈ ದಂಪತಿ ಬಾಳಿದರು. ವಾಸ್ತುಶಿಲ್ಪಿ ಅರ್ಕಾದಿಯೊ ಅರೆಯಾನೊ ರೂಪಿಸಿದ, ಕೆಳಗೆ ಕಲ್ಲು ಮೇಲೆ ಮರವಿರುವ ಆ ಮನೆ ಈಗಲೂ ಇದೆ. ಕಟಿಪುನಾನ್‌ನ ನೆನಪುಗಳನ್ನು ಕಾಪಾಡುವ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆದುಕೊಂಡಿದೆ. ಆದರೆ ಈ ಕುಟುಂಬದ ನಿಜವಾದ ಕೊಡುಗೆ ಕಟ್ಟಡಕ್ಕಿಂತ ದೊಡ್ಡದು. 1928ರಲ್ಲಿ ಗ್ರೆಗೋರಿಯಾ ತಮ್ಮ ಬದುಕಿನ ಟಿಪ್ಪಣಿಗಳನ್ನು ತಗಾಲೊಗ್ ಭಾಷೆಯಲ್ಲಿ ಬರೆದರು. ಪುಟ ಸ್ವಲ್ಪವೇ, ಆದರೆ ಕ್ರಾಂತಿಯ ಒಳಮನೆಯಲ್ಲಿದ್ದ ಹೆಣ್ಣೊಬ್ಬಳ ದನಿ ಅಲ್ಲಿದೆ. ಯುವಜನರಿಗೆ ಅವರು ಕೊನೆಯಲ್ಲಿ ಹೇಳಿದ ಹತ್ತು ಬುದ್ಧಿಮಾತುಗಳಲ್ಲಿ ಚರಿತ್ರೆಗೆ ಅಂಜಿ ನಡೆಯಬೇಕೆಂಬುದೂ ಒಂದು. ಹೂಲಿಯೊ ಕೂಡ ಕ್ರಾಂತಿಯ ಬಗ್ಗೆ ಟಿಪ್ಪಣಿಗಳನ್ನು ಬರೆದಿಟ್ಟಿದ್ದರು. 1960ರಲ್ಲಿ ಅವರು ತೀರಿಕೊಂಡ ಮೇಲೆ ವಾರಸುದಾರರು ಅವನ್ನು ಪೆಟ್ಟಿಗೆಯಲ್ಲಿ ಕೊಳೆಯಲು ಬಿಡಲಿಲ್ಲ. ಪಿಎಚ್.ಡಿ. ಪಡೆದ ಮೊದಲ ಫಿಲಿಪ್ಪೀನೊ ಮಹಿಳೆ, ಇತಿಹಾಸಕಾರ್ತಿ ಎನ್ಕಾರ್ನಾಸಿಯೋನ್ ಅಲ್ಸೋನಾ ಅವರ ಕೈಗಿತ್ತು ಸಂಪಾದನೆ ಮಾಡಿಸಿ, ಗ್ರೆಗೋರಿಯಾ ಅವರ ಬರಹವನ್ನೂ ಸೇರಿಸಿ 1964ರಲ್ಲಿ ಪುಸ್ತಕವಾಗಿ ಹೊರತಂದರು. ಮನೆತನವೊಂದು ತನ್ನ ನೆನಪಿನ ವಿಷಯದಲ್ಲಿ ಮಾಡಬಹುದಾದ ಅತಿ ದೊಡ್ಡ ಕೆಲಸ ಇದೇ ಎಂಬುದು ಈ ಲೇಖನದ ವಾದ. ಬರೆದದ್ದನ್ನು ಕಾಪಾಡುವುದು ಅರ್ಧ ಕೆಲಸ. ಅದನ್ನು ಹೊರಗಿನವರ ಪರೀಕ್ಷೆಗೆ ಒಡ್ಡಿದಾಗಲೇ ಅದು ದೇಶದ ಆಸ್ತಿಯಾಗುತ್ತದೆ.

ಮನೆಯವರ ನೆನಪನ್ನು ಹೇಗೆ ನಂಬುವುದು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಹೂಲಿಯೊ ಅವರ ಬರಹದಲ್ಲಿ ಅಗಿನಾಲ್ದೊ ಮೇಲಿನ ಸಿಟ್ಟು ಎದ್ದು ಕಾಣುತ್ತದೆ. ಗೆಳೆಯನನ್ನು ಕಳೆದುಕೊಂಡವರು ತಕ್ಕಡಿ ಹಿಡಿದು ಕೂರುವುದಿಲ್ಲ. ಆದರೆ ಎದುರು ಪಕ್ಷವೂ ಸುಮ್ಮನಿರಲಿಲ್ಲ. ತೊಂಬತ್ತು ದಾಟಿ ಬದುಕಿದ ಅಗಿನಾಲ್ದೊ 1963ರಲ್ಲಿ ಕವಿತ್‌ನ ಮನೆಯನ್ನು ಸರ್ಕಾರಕ್ಕೆ ದಾನವಾಗಿ ಕೊಟ್ಟರು. ಅವರು ತೀರಿಕೊಂಡ 1964ರಲ್ಲೇ ಅವರ ಕ್ರಾಂತಿಯ ನೆನಪುಗಳ ಪುಸ್ತಕವೂ ಬಂತು. ಒಂದೇ ವರ್ಷದಲ್ಲಿ ಎರಡು ಮನೆಗಳ ಎರಡು ಸಾಕ್ಷ್ಯ. ಇವುಗಳ ಜೊತೆಗೆ ಬೋನಿಫಾಸಿಯೊ ವಿಚಾರಣೆಯ ದಾಖಲೆಗಳೂ ಉಳಿದಿವೆ. ಓದುಗ ಮೂರನ್ನೂ ಪಕ್ಕಪಕ್ಕ ಇಟ್ಟು ತೂಗಬಹುದು. ನಕ್ಪಿಲ್ ಕುಟುಂಬ ಮೌನವಾಗಿದ್ದಿದ್ದರೆ ತೂಗಲು ಒಂದು ಬದಿಯೇ ಇರುತ್ತಿರಲಿಲ್ಲ. ಪಕ್ಷಪಾತದ ಸಾಕ್ಷಿಗೆ ಮದ್ದು ಆ ಸಾಕ್ಷಿಯ ಬಾಯಿ ಮುಚ್ಚಿಸುವುದಲ್ಲ, ಇನ್ನಷ್ಟು ಸಾಕ್ಷಿಗಳನ್ನು ಕರೆಯುವುದು.

ಇದೆಲ್ಲ ಸರ್ಕಾರದ ಕೆಲಸ, ಮನೆಗಳದ್ದಲ್ಲ ಎನ್ನುವವರಿಗೆ ಮನಿಲಾದ ಚರಿತ್ರೆಯೇ ಉತ್ತರ. 1945ರ ಫೆಬ್ರುವರಿಯಿಂದ ಮಾರ್ಚ್ ಆರಂಭದವರೆಗೆ ಜಪಾನಿ ಮತ್ತು ಅಮೆರಿಕನ್ ಪಡೆಗಳ ನಡುವೆ ನಡೆದ ಮನಿಲಾ ಕದನದಲ್ಲಿ ಸುಮಾರು ಒಂದು ಲಕ್ಷ ನಾಗರಿಕರು ಸತ್ತರು. ನಗರದ ಹೃದಯಭಾಗ ಬೂದಿಯಾಯಿತು, ಅದರ ಜೊತೆಗೆ ರಾಷ್ಟ್ರೀಯ ಗ್ರಂಥಾಲಯದ ಬಹುಪಾಲು ಸಂಗ್ರಹವೂ. ಬೋನಿಫಾಸಿಯೊ ಅವರವೆಂದು 1918ರಲ್ಲಿ ಮರಗೊಂದೋನ್‌ನಿಂದ ತೆಗೆದು ತಂದಿದ್ದ ಮೂಳೆಗಳು ಸರ್ಕಾರದ ವಶದಲ್ಲಿದ್ದವು. ಅವು ನಿಜಕ್ಕೂ ಅವರವೇ ಎಂಬ ಬಗ್ಗೆ ಆಗಲೇ ವಾದವಿತ್ತು. ಆ ಕದನದಲ್ಲಿ ಅವು ನಾಶವಾದ್ದರಿಂದ ವಾದ ಎಂದೂ ಬಗೆಹರಿಯದಂತಾಯಿತು. ಯುದ್ಧ ಮುಗಿದ ಮೇಲೂ ಸಂಸ್ಥೆಗಳು ಭದ್ರವಾಗಿರಲಿಲ್ಲ. ರಾಷ್ಟ್ರವೀರ ಹೊಸೆ ರಿಸಾಲ್ ಅವರ ಹಸ್ತಪ್ರತಿಗಳು 1961ರಲ್ಲಿ ರಾಷ್ಟ್ರೀಯ ಗ್ರಂಥಾಲಯದಿಂದಲೇ ಕಳುವಾಗಿ, ಬಳಿಕ ಹೇಗೋ ಹಿಂದಿರುಗಿದವು. ಕಲಂತಿಯಾವ್ ಸಂಹಿತೆ ಎಂಬ ಪ್ರಾಚೀನ ಕಾನೂನು ಗ್ರಂಥದ ಕಥೆಯಂತೂ ಇನ್ನೂ ಬೋಧಪ್ರದ. ಹೊಸೆ ಮಾರ್ಕೊ ಎಂಬವರು 1914ರಲ್ಲಿ ಗ್ರಂಥಾಲಯಕ್ಕೆ ಕೊಟ್ಟ ಆ ನಕಲಿ ದಾಖಲೆಯನ್ನು ದಶಕಗಳ ಕಾಲ ಶಾಲೆಗಳಲ್ಲಿ ಚರಿತ್ರೆಯೆಂದು ಕಲಿಸಿದರು. ಅದು ಸುಳ್ಳೆಂದು ವಿಲಿಯಂ ಹೆನ್ರಿ ಸ್ಕಾಟ್ 1960ರ ದಶಕದಲ್ಲಿ ತೋರಿಸಿಕೊಟ್ಟರು. ಸರ್ಕಾರಿ ಮುದ್ರೆಯಿದ್ದರೆ ಸಾಕು, ಅದು ಸತ್ಯ ಎನ್ನುವಂತಿಲ್ಲ. ಮನೆಯ ಪೆಟ್ಟಿಗೆಗೂ ಸರ್ಕಾರದ ಕಪಾಟಿಗೂ ಒಂದೇ ಬಗೆಯ ಪರೀಕ್ಷೆ ಬೇಕು.

ರಿಸಾಲ್ ಅವರ ಸ್ವಂತ ಕುಟುಂಬವೂ ಇದನ್ನೇ ಹೇಳುತ್ತದೆ. 1896ರ ಡಿಸೆಂಬರ್ 30ರಂದು ಗುಂಡಿಗೆ ಬಲಿಯಾಗುವ ಮುನ್ನ ಅವರು ತಮ್ಮ ಕೊನೆಯ ಕವಿತೆಯನ್ನು ಮದ್ಯಸಾರದ ಪುಟ್ಟ ಒಲೆಯಲ್ಲಿ ಬಚ್ಚಿಟ್ಟು ತಂಗಿ ತ್ರಿನಿದಾದ್ ಅವರಿಗೆ ತಲುಪುವಂತೆ ಮಾಡಿದರು. ಸ್ಪೇನಿನ ಅಧಿಕಾರಿಗಳು ಶವವನ್ನು ಮನೆಯವರಿಗೆ ಕೊಡಲಿಲ್ಲ, ಹೂತ ಜಾಗವನ್ನೂ ಹೇಳಲಿಲ್ಲ. ಅಕ್ಕ ನಾರ್ಸಿಸಾ ಸ್ಮಶಾನಗಳನ್ನು ಸುತ್ತಿ, ಪಾಕೊ ಸ್ಮಶಾನದಲ್ಲಿ ಹೊಸದಾಗಿ ಅಗೆದ ಮಣ್ಣನ್ನೂ ಅಲ್ಲಿದ್ದ ಕಾವಲನ್ನೂ ಕಂಡು ಜಾಗ ಗುರುತಿಸಿದರು. ತಮ್ಮನ ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದಾಗಿಸಿ ಕೆತ್ತಿಸಿದ ಕಲ್ಲೊಂದನ್ನು ಅಲ್ಲಿ ಇರಿಸುವಂತೆ ನೋಡಿಕೊಂಡರು. 1898ರ ಆಗಸ್ಟ್‌ನಲ್ಲಿ ಅಗೆಸಿ ತೆಗೆದ ಅಸ್ಥಿ ಅವರ ಮನೆಯಲ್ಲೇ ಇದ್ದು, 1912ರ ಡಿಸೆಂಬರ್ 30ರಂದು ಮನಿಲಾದ ಲುನೆತಾದಲ್ಲಿ ಸ್ಮಾರಕದ ತಳ ಸೇರಿತು. ಇವತ್ತು ದೇಶದ ಅತಿ ಪವಿತ್ರ ಸ್ಥಳವೆನಿಸಿದ ಆ ಸ್ಮಾರಕದ ಬುಡದಲ್ಲಿರುವುದು ಒಬ್ಬ ಅಕ್ಕನ ಹಟ. ರಿಸಾಲ್ ಹುಟ್ಟಿದ ಕಲಾಂಬಾದ ಮನೆ ಕೈತಪ್ಪಿ ನಾಶವಾಗಿತ್ತು. ಶಾಲಾ ಮಕ್ಕಳು ಕೂಡಿಸಿದ ಹಣದಿಂದ 1950ರಲ್ಲಿ ಅದನ್ನು ಮತ್ತೆ ಕಟ್ಟಿಸಲಾಯಿತು. ಅದನ್ನು ರೂಪಿಸಿದ ವಾಸ್ತುಶಿಲ್ಪಿ ಹುವಾನ್ ನಕ್ಪಿಲ್, ಹೂಲಿಯೊ ಮತ್ತು ಗ್ರೆಗೋರಿಯಾ ಅವರ ಹಿರಿಯ ಮಗ. ಬೋನಿಫಾಸಿಯೊ ಅವರ ನೆನಪನ್ನು ಹೊತ್ತ ಮನೆಯಲ್ಲಿ ಬೆಳೆದ ಮಗನೇ ರಿಸಾಲ್ ಅವರ ಮನೆಗೆ ಮರುಜೀವ ಕೊಟ್ಟದ್ದು ನನಗೆ ಬರೀ ಕಾಕತಾಳೀಯವಾಗಿ ತೋರುವುದಿಲ್ಲ. ಚರಿತ್ರೆಯ ನಡುವೆ ಬೆಳೆದವರಿಗೆ ಅದರ ಬೆಲೆ ಗೊತ್ತಿರುತ್ತದೆ.

ಇಲ್ಲೇ ಇನ್ನೂ ಗಟ್ಟಿಯಾದ ಆಕ್ಷೇಪವೊಂದು ಏಳುತ್ತದೆ. ರಿಸಾಲ್ ಅವರ ಕುಟುಂಬ ಅನುಕೂಲಸ್ಥರದು, ಓದಿದವರದು. ಬಾವುತಿಸ್ತಾ ಹೆಸರಾಂತ ವೈದ್ಯರು. ಮನೆ, ಕಪಾಟು, ಅಕ್ಷರ ಇದ್ದವರ ನೆನಪಷ್ಟೇ ಉಳಿದರೆ ತೋಂದೊದ ಕೂಲಿಕಾರರ, ಕವೀತೆ ಪ್ರಾಂತ್ಯದ ರೈತರ, ಬಂಡಾಯದಲ್ಲಿ ಸತ್ತ ಹೆಸರಿಲ್ಲದವರ ಕಥೆ ಏನಾಗಬೇಕು? ಈ ಮಾತನ್ನು ಅಲ್ಲಗಳೆಯಲು ಬರುವುದಿಲ್ಲ. ಗ್ರೆಗೋರಿಯಾ ಬೋನಿಫಾಸಿಯೊ ಅವರ ವಿಧವೆಯಾಗಿ ಬಡತನದಲ್ಲೇ ಉಳಿದಿದ್ದರೆ ಅವರ ಟಿಪ್ಪಣಿಗಳೂ ನಮಗೆ ದಕ್ಕುತ್ತಿರಲಿಲ್ಲವೇನೋ. ಆದರೆ ಇದರಿಂದ ಹೊರಡುವ ತೀರ್ಮಾನ ಉಳ್ಳವರ ನೆನಪನ್ನು ತಳ್ಳಿಹಾಕಬೇಕೆಂಬುದಲ್ಲ. ಅದೇ ಬರಹದಲ್ಲಿ ಕಟಿಪುನಾನ್‌ನ ಸಾಮಾನ್ಯ ಸದಸ್ಯರ ಭಯ, ಹಸಿವು, ಅಲೆದಾಟಗಳೂ ಇವೆ. ಒಂದು ಮನೆ ತನ್ನ ಕಾಗದ ತೆರೆದರೆ ಅದರೊಳಗಿಂದ ಹತ್ತು ಮನೆಗಳ ಸುದ್ದಿ ಹೊರಬರುತ್ತದೆ. ಕಾಗದವೇ ಇಲ್ಲದ ಮನೆಗಳ ಹಿರಿಯರ ಮಾತನ್ನು ಅವರು ಇರುವಾಗಲೇ ಧ್ವನಿಮುದ್ರಿಸುವುದು ವಿಶ್ವವಿದ್ಯಾಲಯಗಳ ಮತ್ತು ಸ್ಥಳೀಯ ಗ್ರಂಥಾಲಯಗಳ ಹೊಣೆ.

ಮನೆತನಗಳ ದೌರ್ಬಲ್ಯವನ್ನೂ ಮುಚ್ಚಿಡಬಾರದು. ತಲೆಮಾರು ಬದಲಾದಂತೆ ಆಸ್ತಿ ಹಂಚಿಕೆಯಾಗುತ್ತದೆ, ಮಕ್ಕಳು ಅಮೆರಿಕಕ್ಕೋ ಕೊಲ್ಲಿ ದೇಶಗಳಿಗೋ ಹೋಗುತ್ತಾರೆ, ಹಳೆಯ ಕಾಗದ ಹರಾಜಿಗೆ ಬರುತ್ತದೆ. ಕೊಂಡವರು ಬೀಗ ಹಾಕಿ ಇಟ್ಟರೆ ಬೆಂಕಿಗೆ ಬಿದ್ದದ್ದಕ್ಕೂ ಅದಕ್ಕೂ ಸಂಶೋಧಕರ ಮಟ್ಟಿಗೆ ಹೆಚ್ಚು ವ್ಯತ್ಯಾಸವಿಲ್ಲ. 2010ರಲ್ಲಿ ಫಿಲಿಪ್ಪೀನ್ಸ್ ತಂದ ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆ ಕಾಯ್ದೆ ಮಹತ್ವದ ಸಾಂಸ್ಕೃತಿಕ ಸ್ವತ್ತುಗಳ ನೋಂದಣಿಗೆ ದಾರಿ ಮಾಡಿದೆ, ಅವು ದೇಶ ಬಿಟ್ಟು ಹೋಗದಂತೆ ಕಡಿವಾಣ ಹಾಕಿದೆ. ಕಾನೂನು ಒಳ್ಳೆಯದೇ. ಆದರೆ ಸರ್ಕಾರ ವಶಪಡಿಸಿಕೊಂಡೀತು ಎಂಬ ಹೆದರಿಕೆ ಹುಟ್ಟಿದರೆ ಜನ ತಮ್ಮಲ್ಲಿರುವುದನ್ನು ಇನ್ನಷ್ಟು ಒಳಗೆ ಅಡಗಿಸುತ್ತಾರೆ. ಒಡೆತನ ಮನೆಯವರಲ್ಲೇ ಇರಲಿ. ಮಾರಬೇಕಾದವರು ಮಾರಲಿ, ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ. ಆದರೆ ಅದಕ್ಕೂ ಮುನ್ನ ಪ್ರತಿ ಪುಟದ ಛಾಯಾಪ್ರತಿಯೊಂದನ್ನು ಯಾರು ಬೇಕಾದರೂ ಓದಬಹುದಾದ ಗ್ರಂಥಾಲಯಕ್ಕೆ ಕೊಡಲಿ. ನಕ್ಪಿಲ್ ವಾರಸುದಾರರು 1964ರಲ್ಲೇ ತಮ್ಮ ಕಾಗದಗಳನ್ನು ಅಚ್ಚಿಗೆ ಕೊಟ್ಟರು. ಕ್ಯಾಮೆರಾ ಪ್ರತಿಯೊಬ್ಬರ ಜೇಬಿನಲ್ಲೂ ಇರುವ ಈ ಕಾಲದ ಮನೆತನಗಳಿಗೆ ಆಗದೆಂದು ಹೇಳಲು ಯಾವ ಕಾರಣವೂ ಉಳಿದಿಲ್ಲ.