ವ್ಯಾಪಾರದ ಹೊಣೆ ಇಳಿಸಿದ ಮೇಲೆ ವಾಸ ಎಲ್ಲಿ?

ಸರ್ಕಾರಿ ನೌಕರನ ನಿವೃತ್ತಿಯ ದಿನಾಂಕವನ್ನು ಸರ್ಕಾರವೇ ಗೊತ್ತುಪಡಿಸುತ್ತದೆ. ವರ್ತಕನಿಗೆ ಅಂತಹ ದಿನಾಂಕವೂ ಇಲ್ಲ, ಪಿಂಚಣಿಯೂ ಇಲ್ಲ. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಂತಹ ಊರುಗಳಲ್ಲಿ ದಶಕಗಳ ಕಾಲ ಅಂಗಡಿ, ದಲಾಲಿ ಅಥವಾ ಅಕ್ಕಿ ಗಿರಣಿ ನಡೆಸಿ ಅರವತ್ತು ದಾಟಿದ ದಂಪತಿಗಳ ಮುಂದೆ ಇಂದು ಒಂದೇ ಪ್ರಶ್ನೆ ನಿಂತಿದೆ. ಮಕ್ಕಳು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ನೆಲೆಸಿದ್ದಾರೆ. ಕೈಕಾಲು ಗಟ್ಟಿಯಾಗಿವೆ, ದುಡಿಯುವ ಮನಸ್ಸೂ ಇದೆ. ಊರಿನಲ್ಲೇ ಉಳಿಯಬೇಕೆ, ಜಿಲ್ಲಾ ಕೇಂದ್ರಕ್ಕೆ ಬರಬೇಕೆ, ಇಲ್ಲವೆ ಮಹಾನಗರದ ಅಂಚಿಗೆ ಹೋಗಬೇಕೆ?

ಮೂರು ದಾರಿಗಳು

ಊರಿನಲ್ಲಿ ಖರ್ಚು ಕಡಿಮೆ, ಪರಿಚಯ ಹೆಚ್ಚು. ಬೇಸಾಯದ ಮೇಲ್ವಿಚಾರಣೆಯೂ ಸಾಧ್ಯ. ಆದರೆ ಮಧ್ಯರಾತ್ರಿ ಎದೆನೋವು ಕಾಣಿಸಿಕೊಂಡರೆ ದೂರವೇ ಶತ್ರುವಾಗುತ್ತದೆ. ರಾಯಚೂರಿನಲ್ಲಿ ರಿಮ್ಸ್ ಮತ್ತು ನವೋದಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಮುಂಬಯಿ–ಚೆನ್ನೈ ರೈಲು ಮಾರ್ಗ ಊರ ಮೂಲಕವೇ ಹಾದುಹೋಗುತ್ತದೆ. ಹಳೆಯ ಗಿರಾಕಿಗಳೂ ಮಾರುಕಟ್ಟೆಯೂ ಕೈಗೆಟುಕುವಷ್ಟು ಸಮೀಪ.

ಮಹಾನಗರವೆಂದರೆ ಈ ಭಾಗದವರಿಗೆ ಬೆಂಗಳೂರು ಮಾತ್ರವಲ್ಲ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇತ್ತು. ಬೆಂಗಳೂರು ಸುಮಾರು 400 ಕಿ.ಮೀ. ದೂರವಾದರೆ ಹೈದರಾಬಾದ್ ಅದರ ಅರ್ಧದಷ್ಟು. ಅಲ್ಲಿ ವಿಶೇಷ ತಜ್ಞ ವೈದ್ಯರೂ ಮೊಮ್ಮಕ್ಕಳೂ ಸಿಗುತ್ತಾರೆ. ಆದರೆ ಐವತ್ತು ವರ್ಷ ಹೆಸರಿನಿಂದ ಗುರುತಿಸಲ್ಪಟ್ಟ ವ್ಯಕ್ತಿ ಅಲ್ಲಿ ಫ್ಲ್ಯಾಟಿನ ಸಂಖ್ಯೆಯಿಂದ ಗುರುತಿಸಲ್ಪಡುತ್ತಾನೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಉಳಿದ ಲೆಕ್ಕವೆಲ್ಲ ಸರಿಯಿದ್ದೂ ತಪ್ಪಾಗುತ್ತದೆ.

ಮೊದಲು ಬಾಡಿಗೆ, ನಂತರ ಮಾರಾಟ

ಆದ್ದರಿಂದ ಊರಿನ ಮನೆಯನ್ನು ಮಾರುವ ಮೊದಲು, ಆಯ್ದ ಸ್ಥಳದಲ್ಲಿ ಒಂದು ವರ್ಷ ಬಾಡಿಗೆಗೆ ಇದ್ದು ನೋಡುವುದು ವಿವೇಕ. ಅಲ್ಲಿಯ ನೀರು, ಸಂಚಾರ, ನೆರೆಹೊರೆ, ಆಸ್ಪತ್ರೆಯ ದಾರಿ ಇವೆಲ್ಲ ಒಂದು ವರ್ಷದಲ್ಲಿ ತಿಳಿಯುತ್ತವೆ. ಊರಿನ ಮನೆಯನ್ನು ಬಾಡಿಗೆಗೆ ಕೊಟ್ಟರೆ, ಆ ಬಾಡಿಗೆಯಲ್ಲಿ ಪುರಸಭೆ ಅಥವಾ ಪಂಚಾಯಿತಿ ತೆರಿಗೆ ಕಳೆದು ಉಳಿದ ಮೊತ್ತದ ಮೇಲೆ ಶೇ. 30ರ ವಿನಾಯಿತಿ ಲಭ್ಯ.

ತೆರಿಗೆ ಕಾನೂನು ಈ ಕ್ರಮಕ್ಕೆ ಅಡ್ಡಿಯಾಗುವುದಿಲ್ಲ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಒಡೆತನದಲ್ಲಿದ್ದ ವಾಸದ ಮನೆಯನ್ನು ಮಾರಿ ಬಂದ ಲಾಭವನ್ನು ಮತ್ತೊಂದು ವಾಸದ ಮನೆಗೆ ತೊಡಗಿಸಿದರೆ ವಿನಾಯಿತಿ ಇದೆ. ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಖರೀದಿಸಬೇಕು. ಕಟ್ಟಿಸುವುದಾದರೆ ಮೂರು ವರ್ಷದೊಳಗೆ. ಗಡಿಯಾರ ಓಡಲಾರಂಭಿಸುವುದು ಮನೆ ಮಾರಿದ ದಿನದಿಂದ, ಊರು ಬಿಟ್ಟ ದಿನದಿಂದಲ್ಲ.

ಉದಾಹರಣೆಗೆ, ಮನೆ ಮಾರಿ 40 ಲಕ್ಷ ರೂ. ಲಾಭ ಬಂದಿತೆನ್ನೋಣ. 2024ರ ಜುಲೈ 23ರಿಂದ ಜಾರಿಗೆ ಬಂದ ಶೇ. 12.5ರ ದರದಲ್ಲಿ ತೆರಿಗೆ, ಸೆಸ್ ಹೊರತುಪಡಿಸಿ, 5 ಲಕ್ಷ. ಹೊಸ ಮನೆಗೆ 30 ಲಕ್ಷ ತೊಡಗಿಸಿದರೆ ಉಳಿದ 10 ಲಕ್ಷಕ್ಕೆ ಮಾತ್ರ 1.25 ಲಕ್ಷ ತೆರಿಗೆ. ಆ ದಿನಾಂಕಕ್ಕೂ ಮೊದಲು ಪಡೆದ ಆಸ್ತಿಗೆ ಬೆಲೆ ಸೂಚ್ಯಂಕದೊಡನೆ ಶೇ. 20ರ ಲೆಕ್ಕವನ್ನೂ ಹಾಕಿ, ಯಾವುದು ಕಡಿಮೆಯೋ ಅದನ್ನು ಪಾವತಿಸುವ ಅವಕಾಶ ನಿವಾಸಿ ವ್ಯಕ್ತಿಗಳಿಗಿದೆ. ಆದರೆ ಹೊಸ ಮನೆ ಒಗ್ಗಲಿಲ್ಲವೆಂದು ಮೂರು ವರ್ಷದೊಳಗೆ ಮಾರಿದರೆ, ಉಳಿಸಿದ ತೆರಿಗೆ ಬೇರೆ ದಾರಿಯಿಂದ ತಲೆಯ ಮೇಲೆ ಬರುತ್ತದೆ. ಅವಸರದ ಖರೀದಿಯ ನಿಜವಾದ ಬೆಲೆ ಇದು.

ಪಾಲುದಾರಿಕೆಯ ಬಾಕಿ ಹೊಣೆ

ಊರು ಬಿಟ್ಟ ಮಾತ್ರಕ್ಕೆ ಪೇಢಿಯ ಹೊಣೆ ಬಿಡುವುದಿಲ್ಲ. 1932ರ ಪಾಲುದಾರಿಕೆ ಕಾಯಿದೆಯಂತೆ, ನಿವೃತ್ತಿಯ ಸಾರ್ವಜನಿಕ ಪ್ರಕಟಣೆ ಹೊರಡುವವರೆಗೆ ಮೂರನೆಯವರಿಗೆ ಹಳೆಯ ಪಾಲುದಾರ ಬಾಧ್ಯನೇ. ನಿವೃತ್ತಿಯ ದಿನಾಂಕದವರೆಗಿನ ಜಿಎಸ್‌ಟಿ ಬಾಕಿಗೂ ಅವನು ಹೊಣೆಗಾರ. ಆ ವಿಷಯವನ್ನು ಒಂದು ತಿಂಗಳೊಳಗೆ ಇಲಾಖೆಗೆ ಲಿಖಿತವಾಗಿ ತಿಳಿಸದಿದ್ದರೆ, ತಿಳಿಸುವ ದಿನದವರೆಗೂ ಹೊಣೆ ಮುಂದುವರಿಯುತ್ತದೆ. ಮಗನೇ ಅಂಗಡಿ ನೋಡಿಕೊಳ್ಳುತ್ತಿದ್ದರೂ ಪತ್ರ ವ್ಯವಹಾರ ಪತ್ರ ವ್ಯವಹಾರವೇ.

ಮನೆ ಯಾರ ಹೆಸರಿನಲ್ಲಿ?

ಊರಿನ ಆಸ್ತಿ ಮಾರಿದ ಹಣದಲ್ಲಿ ಮಕ್ಕಳ ಹೆಸರಿನಲ್ಲಿ ಫ್ಲ್ಯಾಟು ಕೊಳ್ಳುವುದು, ಇದ್ದ ಮನೆಯನ್ನೇ ದಾನಪತ್ರ ಮಾಡಿಕೊಡುವುದು ನಮ್ಮಲ್ಲಿ ಸಾಮಾನ್ಯ. ಮನೆ ಸ್ವಂತ ಹೆಸರಿನಲ್ಲಿದ್ದರೆ ಮಾತ್ರ ಅರವತ್ತರ ನಂತರ ರಿವರ್ಸ್ ಮಾರ್ಟ್‌ಗೇಜ್ ಮೂಲಕ, ಅದರಲ್ಲೇ ವಾಸವಿದ್ದು, ಬ್ಯಾಂಕಿನಿಂದ ಕಂತಿನ ಹಣ ಪಡೆಯಬಹುದು. ದಾನ ಕೊಡುವುದೇ ಆದರೆ ಪಾಲನೆಯ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಆ ಷರತ್ತು ಮುರಿದಾಗ ದಾನವನ್ನು ರದ್ದುಪಡಿಸಲು 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮು ಅವಕಾಶ ನೀಡುತ್ತದೆ. ಪತ್ರದಲ್ಲಿ ಷರತ್ತೇ ಇಲ್ಲದಿದ್ದರೆ ಅದನ್ನು ಸಾಬೀತುಪಡಿಸುವುದು ಕಷ್ಟ. ಇದು ಮಕ್ಕಳ ಮೇಲಿನ ಅಪನಂಬಿಕೆಯಲ್ಲ; ಗುಮಾಸ್ತ ಎಷ್ಟೇ ನಂಬಿಕಸ್ಥನಾದರೂ ಸಂಜೆ ಗಲ್ಲಾ ಎಣಿಸುವ ವರ್ತಕನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಉಳಿದ ಹಣದ ಮಾತು. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿಯನ್ನು 2023ರ ಏಪ್ರಿಲ್‌ನಿಂದ 30 ಲಕ್ಷಕ್ಕೆ ಏರಿಸಲಾಗಿದೆ. ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಸೇರುತ್ತದೆ. ಮನೆಗೆ ಎಲ್ಲ ಹಣವನ್ನೂ ಸುರಿದು ಮಾಸಿಕ ಖರ್ಚಿಗೆ ಕೈಚಾಚುವುದಕ್ಕಿಂತ, ಚಿಕ್ಕ ಮನೆ ಕೊಂಡು ನಿಯಮಿತ ಆದಾಯ ಉಳಿಸಿಕೊಳ್ಳುವುದು ಲೇಸು.

ಮೊದಲು ವಾಸ, ಆಮೇಲೆ ಖರೀದಿ, ಕೊನೆಗೆ ಮಾರಾಟ. ಸರಕನ್ನು ಮಾದರಿ ನೋಡದೆ ಕೊಳ್ಳದ ವರ್ತಕ, ಉಳಿದ ಆಯುಷ್ಯವನ್ನು ಕಳೆಯುವ ಊರನ್ನೂ ಮಾದರಿ ನೋಡಿಯೇ ಆರಿಸುವುದು ಉಚಿತ.