ಮೊದಲು ಗೋಡೆ, ಆಮೇಲೆ ಡ್ರಿಲ್

ಮನೆಗೊಂದು ಡ್ರಿಲ್ ಮಷೀನ್ ಬೇಕು ಅಂತ ಅಂಗಡಿಗೆ ಹೋದರೆ ಕೌಂಟರಿನ ಹುಡುಗ ಕೇಳುವುದು ‘ಯಾವ ಕಂಪನಿ ಸಾರ್, ಬಜೆಟ್ ಎಷ್ಟು?’ ಅಂತ. ನಿಮ್ಮ ಮನೆ ಗೋಡೆ ಯಾವುದರದು ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಊರಿಂದ ಊರಿಗೆ ಬೇರೆ. ಜಯನಗರ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಸುಟ್ಟ ಇಟ್ಟಿಗೆ. ಈಚಿನ ಬಡಾವಣೆಗಳಲ್ಲಿ ಹೆಚ್ಚಾಗಿ ಸಿಮೆಂಟಿನ ಸಾಲಿಡ್ ಬ್ಲಾಕ್. ಮಂಗಳೂರು, ಉಡುಪಿ ಕಡೆ ಮುರಕಲ್ಲು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ನೀರಿಗೆ ಹಾಕಿದರೆ ತೇಲುವಷ್ಟು ಹಗುರವಾದ ಎಎಸಿ ಬ್ಲಾಕ್, ಇಲ್ಲವೇ ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಎರಕ ಹೊಯ್ದ ಮಿವಾನ್ ಗೋಡೆ. ಮಿವಾನ್ ಅಂದರೆ ಬುಡದಿಂದ ತುದಿಯವರೆಗೆ ಕಾಂಕ್ರೀಟೇ.

ಗೋಡೆ ಯಾವುದೆಂದು ಗೊತ್ತಿಲ್ಲದಿದ್ದರೆ ಪುಡಿ ಹೇಳುತ್ತದೆ. ಎಲೆಕ್ಟ್ರಿಷಿಯನ್ ಮನೆಗೆ ಬಂದಾಗ ಕಾಣದ ಮೂಲೆಯಲ್ಲೊಂದು ತೂತು ಹಾಕಿಸಿ, ಕೆಳಗೊಂದು ಪೇಪರ್ ಹಾಸಿ. ಮೊದಲ ಅರ್ಧ ಇಂಚು ಬರೀ ಗಾರೆ, ಬೂದು ಪುಡಿ. ಅದು ದಾಟಿದ ಮೇಲೆ ಕೆಂಪು ಪುಡಿ ಉದುರಿದರೆ ಇಟ್ಟಿಗೆ ಅಥವಾ ಮುರಕಲ್ಲು. ಮೈದಾ ಹಿಟ್ಟಿನ ಹಾಗೆ ನುಣ್ಣಗೆ, ಬೆಳ್ಳಗೆ ಸುರಿದರೆ ಎಎಸಿ. ಬೂದು ಪುಡಿಯೇ ಮುಂದುವರಿದು, ಬಿಟ್ ನಿಧಾನಕ್ಕಾದರೂ ಒಳಗಿಳಿಯುತ್ತಿದ್ದರೆ ಸಾಲಿಡ್ ಬ್ಲಾಕ್. ಪುಡಿ ನಿಂತು, ಸದ್ದು ಕೀರಲಾಗಿ, ಬಿಟ್‌ನ ತುದಿ ಕಾದು ನೀಲಿಗಟ್ಟತೊಡಗಿತೋ, ಕಾಂಕ್ರೀಟಿಗೆ ತಗುಲಿದ್ದೀರಿ.

ಇಟ್ಟಿಗೆ, ಬ್ಲಾಕು, ಮುರಕಲ್ಲಿನ ಮನೆಗೆ 13 ಎಂಎಂ ಚಕ್ ಇರುವ, 500–600 ವಾಟ್‌ನ ಇಂಪ್ಯಾಕ್ಟ್ ಡ್ರಿಲ್ ಧಾರಾಳವಾಗಿ ಸಾಕು. ಸುತ್ತಿಗೆಯ ಗುರುತಿನ ಕಡೆ ಗುಂಡಿ ತಿರುಗಿಸಿದರೆ ಒಳಗಿನ ಎರಡು ಹಲ್ಲಿನ ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಬಿಟ್ಟನ್ನು ಗಡಗಡ ನಡುಗಿಸುತ್ತವೆ. ಹೊಡೆತ ನಿಮಿಷಕ್ಕೆ ಸಾವಿರಗಟ್ಟಲೆ, ಆದರೆ ಒಂದೊಂದೂ ಹಗುರ. ಹಾಗಾಗಿ ಮೈಭಾರ ಹಾಕಿ ಒತ್ತಬೇಕು. ಕಾಂಕ್ರೀಟಿನ ಮುಂದೆ ಈ ಆಟ ನಡೆಯುವುದಿಲ್ಲ. ಅಲ್ಲಿಗೆ ರೋಟರಿ ಹ್ಯಾಮರ್ ಬೇಕು. ಅದರೊಳಗೆ ಪಿಸ್ಟನ್ ಗಾಳಿಯನ್ನು ಒತ್ತಿ, ಆ ಗಾಳಿಯ ಬಲದಿಂದ ಬಿಟ್‌ನ ಬೆನ್ನಿಗೆ ಹೊಡೆಯುತ್ತದೆ. ಹೊಡೆತಗಳ ಸಂಖ್ಯೆ ಕಮ್ಮಿ, ತೂಕ ಜಾಸ್ತಿ. ನಾವು ಹಿಡಿದುಕೊಂಡು ನಿಂತರೆ ಸಾಕು. ಮಿವಾನ್ ಫ್ಲ್ಯಾಟಿನವರು ಇಂಪ್ಯಾಕ್ಟ್ ಡ್ರಿಲ್‌ಗೆ ದುಡ್ಡು ಹಾಕಿ ಆಮೇಲೆ ಪರದಾಡುವ ಬದಲು ಅಸೋಸಿಯೇಷನ್ ವತಿಯಿಂದ ಒಂದು ರೋಟರಿ ಹ್ಯಾಮರ್ ತರಿಸಿಟ್ಟುಕೊಳ್ಳಬಹುದು. ವರ್ಷಕ್ಕೆ ನಾಲ್ಕು ಪರದೆ ರಾಡ್ ಹಾಕುವವರಿಗೆ ಮನೆಗೊಂದು ಯಾಕೆ? ಭಾನುವಾರ ಮಧ್ಯಾಹ್ನ ಅದನ್ನು ಯಾರಿಗೂ ಕೊಡಕೂಡದೆಂಬ ನಿಯಮವನ್ನೂ ಅವತ್ತೇ ಮಾಡಿಬಿಟ್ಟರೆ ಕ್ಷೇಮ.

ಎಎಸಿ ಗೋಡೆಗೆ ಸುತ್ತಿಗೆಯ ಹೊಡೆತ ಬೇಡವೇ ಬೇಡ. ಬರೀ ತಿರುಗುವ ಡ್ರಿಲ್ಲಿಗೇ ಅದು ಬಿಟ್ಟುಕೊಡುತ್ತದೆ. ಹೊಡೆದರೆ ತೂತು ಅಗಲವಾಗಿ, ಪ್ಲಗ್ ಸಡಿಲಗೊಂಡು, ಹೊಸ ಟಿವಿ ಸಮೇತ ಸ್ಟ್ಯಾಂಡ್ ಕೆಳಗೆ ಬರುತ್ತದೆ. ಅಲ್ಲಿ ಉದ್ದನೆಯ, ಎಎಸಿಗೆಂದೇ ಮಾಡಿದ ನೈಲಾನ್ ಪ್ಲಗ್ ಕೇಳಿ ಪಡೆಯಿರಿ. ಹಿಂದೆ ನಮ್ಮ ಎಲೆಕ್ಟ್ರಿಷಿಯನ್ನರು ಗೋಡೆಯಲ್ಲಿ ಚೌಕನೆಯ ಗುಂಡಿ ತೋಡಿ, ಮರದ ಗೂಟ ಜಡಿದು, ಅದಕ್ಕೆ ಸ್ಕ್ರೂ ಬಿಗಿಯುತ್ತಿದ್ದರು. ಜರ್ಮನಿಯ ಆರ್ಟರ್ ಫಿಷರ್ 1958ರಲ್ಲಿ ರೂಪಿಸಿದ ನೈಲಾನ್ ಪ್ಲಗ್ ಆ ಗೂಟದ ಕೆಲಸವನ್ನು ಬೆರಳುಗಾತ್ರಕ್ಕೂ ಚಿಕ್ಕದು ಮಾಡಿತು. 6 ಎಂಎಂ ಪ್ಲಗ್‌ಗೆ 6 ಎಂಎಂ ಬಿಟ್, 8ಕ್ಕೆ 8. ಮನೆಗೆಲಸದ ಮುಕ್ಕಾಲು ಪಾಲು ಈ ಎರಡರಲ್ಲೇ ಮುಗಿಯುತ್ತದೆ.

ಅದಕ್ಕೇ ನೂರೆಂಟು ಸಾಮಾನಿನ ಸೂಟ್‌ಕೇಸ್ ಕಿಟ್ ಕಂಡರೆ ನನಗೆ ಅನುಮಾನ. ಅದರಲ್ಲಿರುವ ಬಿಟ್‌ಗಳು ಸಾಲಿಡ್ ಬ್ಲಾಕಿಗೆ ಎರಡು ತೂತು ಹಾಕುವಷ್ಟರಲ್ಲಿ ಮೊಂಡಾಗುವಂಥವು. ಆ ದುಡ್ಡಿಗೆ ಕಾರ್ಬೈಡ್ ತುದಿಯ ಒಳ್ಳೆ ಗೋಡೆ ಬಿಟ್‌ಗಳನ್ನು ಬಿಡಿಯಾಗಿ ಕೊಳ್ಳಿ. ಬಾತ್‌ರೂಮಿನ ಟೈಲ್ಸ್‌ಗೆ ಈಟಿ ಮೊನೆಯ ಬಿಟ್ ಬೇರೆಯೇ ಇದೆ. ಜಾಗಕ್ಕೆ ಟೇಪ್ ಅಂಟಿಸಿ, ಸುತ್ತಿಗೆ ಮೋಡ್ ಆಫ್ ಮಾಡಿ, ನಿಧಾನಕ್ಕೆ ಕೊರೆಯಬೇಕು. ಟೈಲ್ ದಾಟುವವರೆಗೆ ಅವಸರ ಸಲ್ಲ.

ಬ್ಯಾಟರಿ ಡ್ರಿಲ್ಲು? ಕಪಾಟಿನ ಹಿಂಜು, ಪ್ಲೈವುಡ್ಡು, ಆನ್‌ಲೈನಲ್ಲಿ ಬಿಡಿಬಿಡಿಯಾಗಿ ಬರುವ ಮೇಜು ಜೋಡಿಸಲು 12 ವೋಲ್ಟಿನದು ಬಹಳ ಹಿತ. ಡಬ್ಬದ ಮೇಲಿನ ‘20 ವೋಲ್ಟ್ ಮ್ಯಾಕ್ಸ್’ ನೋಡಿ 18ಕ್ಕಿಂತ ಮೇಲೆಂದು ಹೆಚ್ಚು ದುಡ್ಡು ಕೊಡಬೇಡಿ. ಎರಡರಲ್ಲೂ ಇರುವುದು ಸಾಲಾಗಿ ಜೋಡಿಸಿದ ಐದು ಲಿಥಿಯಂ ಸೆಲ್ಲು. ಪೂರ್ತಿ ಚಾರ್ಜಾದಾಗ ಅಳೆದರೆ 20, ಕೆಲಸದ ಹೊತ್ತಿನ ಸರಾಸರಿ 18. ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಮಷೀನಿಗೆ ಸಾಮಾನ್ಯವಾಗಿ ಕೂರುವುದಿಲ್ಲವೆಂಬುದೂ ನೆನಪಿರಲಿ.

ಆ್ಯಂಗಲ್ ಗ್ರೈಂಡರ್ ಮಾತ್ರ ಮನೆಗೆ ಬೇಡ ಅಂತಲೇ ಹೇಳುತ್ತೇನೆ. ನಾಲ್ಕಿಂಚಿನ ಬ್ಲೇಡ್ ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಅದರ ಅಂಚಿನ ವೇಗ ಗಂಟೆಗೆ 200 ಕಿಲೋಮೀಟರ್ ದಾಟುತ್ತದೆ. ಅದಕ್ಕೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವುದು ನಮ್ಮಲ್ಲಿ ಮಾಮೂಲು. ಹಲ್ಲು ಮರಕ್ಕೆ ಕಚ್ಚಿಕೊಂಡರೆ ಮಷೀನ್ ಕೈಯಿಂದ ಚಿಮ್ಮಿ ಮುಖದ ಕಡೆಗೇ ಬರಬಹುದು. ಆಯುಧ ಪೂಜೆಗೆ ಕುಂಕುಮ, ನಿಂಬೆಹಣ್ಣು ತಪ್ಪಿಸದವರೂ ಬ್ಲೇಡಿನ ಗಾರ್ಡನ್ನು ಕೊಂಡ ದಿನವೇ ಕಳಚಿ ಇಟ್ಟಿರುತ್ತಾರೆ! ಮರ ಕೊಯ್ಯಲು ಜಿಗ್‌ಸಾ ನಿಧಾನವಾದರೂ ವಾಸಿ.

ಕೊರೆಯುವ ಮುನ್ನ ಸ್ವಿಚ್ ಬೋರ್ಡ್ ಎಲ್ಲಿದೆ ನೋಡಿ. ಕನ್ಸೀಲ್ಡ್ ವೈರಿಂಗಿನ ಪೈಪು ಸಾಮಾನ್ಯವಾಗಿ ಅದರಿಂದ ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಹೋಗಿರುತ್ತದೆ. ಆ ಗೆರೆ ಬಿಟ್ಟು ಪಕ್ಕಕ್ಕೆ ಸರಿಯಿರಿ. ಮನೆಯ ಮುಖ್ಯ ಬೋರ್ಡಿನಲ್ಲಿ, ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಡ್ರಿಲ್‌ಗಿಂತ ಮೊದಲು ಅದನ್ನು ಹಾಕಿಸಿ. ಕಣ್ಣಿಗೆ ಕನ್ನಡಕವಂತೂ ಬೇಕೇ ಬೇಕು.

ಕೊನೆಗೆ, ಬಿಲ್ ಹಾಕಿಸುವ ಮೊದಲು ಅಂಗಡಿಯವರನ್ನು ಕೇಳಿ: ‘ಇದರ ಕಾರ್ಬನ್ ಬ್ರಷ್ ಸಿಗುತ್ತಾ?’ ವೈರಿರುವ ಮಾಮೂಲಿ ಡ್ರಿಲ್‌ನಲ್ಲಿ ಸವೆಯುವುದೇ ಅದು. ಮೋಟರಿನ ಜಾಲರಿಯೊಳಗೆ ಕಿಡಿ ಹೆಚ್ಚಾಗಿ, ಮಷೀನ್ ಬಿಟ್ಟುಬಿಟ್ಟು ಓಡತೊಡಗಿದರೆ ಬ್ರಷ್ ಮುಗಿಯಿತೆಂದು ಲೆಕ್ಕ. ಬೆಲೆ ಅಲ್ಪ, ಬದಲಿಸುವುದು ಐದು ನಿಮಿಷದ ಕೆಲಸ. ‘ಸಿಗಲ್ಲ ಸಾರ್, ಕೆಟ್ಟರೆ ಹೊಸದೇ ತಗೊಳ್ಳಿ’ ಅಂದರೆ ಆ ಮಷೀನನ್ನು ಅಲ್ಲೇ ಬಿಟ್ಟು ಪಕ್ಕದ ಅಂಗಡಿಗೆ ಹೋಗಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಪಕ್ಕದ ಅಂಗಡಿಗೇನೂ ಬರವಿಲ್ಲ.