ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಮಕ್ಕಳೇ, ‘ಕುರುಕ್ಷೇತ್ರ’ ನಾಟಕ ನೋಡಿದ್ದೀರಾ? ಇಲ್ಲವಾದರೆ ಮನೆಯಲ್ಲಿರುವ ತಾತನನ್ನೋ ಅಜ್ಜಿಯನ್ನೋ ಕೇಳಿ, ಕಥೆ ಹೇಳುತ್ತಾರೆ. ಆ ಪೌರಾಣಿಕ ನಾಟಕದಲ್ಲಿ ಅಭಿಮನ್ಯು ಬರುತ್ತಾನೆ. ಕಥೆಯಲ್ಲಿ ಅವನಿಗೆ 16 ವರ್ಷ. ಆದರೆ ವೇಷ ಹಾಕಿದವರಿಗೆ ಎಷ್ಟೋ ಸಲ 45, 50 ಆಗಿರುತ್ತದೆ. ಮೀಸೆಗೆ ಕಪ್ಪು ಬಣ್ಣ, ಮಿರುಗುವ ಅಂಗಿಯೊಳಗೆ ಪುಟ್ಟ ಹೊಟ್ಟೆ! ಆದರೂ ಅವರು ಯುದ್ಧಕ್ಕೆ ಹೊರಟು ತಾಯಿ ಸುಭದ್ರೆಯ ಕಾಲಿಗೆ ಬಿದ್ದಾಗ ಮುಂದಿನ ಸಾಲಿನ ಅಜ್ಜಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಹೊಟ್ಟೆಯ ಕಡೆ ಯಾರೂ ನೋಡುವುದಿಲ್ಲ.

ಕೆಂಗೇರಿ, ಮಾಗಡಿ ರಸ್ತೆ ಕಡೆಯ ಹವ್ಯಾಸಿ ತಂಡಗಳಲ್ಲಿ ಇಂಥ ಅಭಿಮನ್ಯುಗಳು ಸಿಗುತ್ತಾರೆ. ಹಗಲು ಅಂಗಡಿಯೋ ಕಚೇರಿಯೋ, ಸಂಜೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಅಭ್ಯಾಸ. ನಾಟಕದ ಖರ್ಚನ್ನೂ ಎಷ್ಟೋ ಸಲ ಪಾತ್ರಧಾರಿಗಳೇ ಹಂಚಿಕೊಳ್ಳುತ್ತಾರೆ.

ಕರಾವಳಿಗೆ ಹೋದರೆ ಯಕ್ಷಗಾನ. ತೆಂಕುತಿಟ್ಟಿನಲ್ಲಿ ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರ ಪಾತ್ರಗಳಿಗೆ ‘ಪುಂಡುವೇಷ’ ಎಂದೇ ಹೆಸರು. ಗಾಳಿಯಲ್ಲಿ ಸುತ್ತಿ ಹಾರುವ ಧೀಂಗಿಣ ಆ ವೇಷದ ಸೊಗಸು. ಪುತ್ತೂರು ಶ್ರೀಧರ ಭಂಡಾರಿಯವರು ಇಂಥ ವೇಷಗಳಿಗೇ ಹೆಸರಾದವರು. ಇನ್ನು ಸಿನಿಮಾ. 1977ರ ‘ಬಭ್ರುವಾಹನ’ದಲ್ಲಿ ಅಪ್ಪ ಅರ್ಜುನನೂ ಮಗ ಬಭ್ರುವಾಹನನೂ ಡಾ. ರಾಜ್‌ಕುಮಾರ್ ಅವರೇ. ಅವರು ಹುಟ್ಟಿದ್ದು 1929ರಲ್ಲಿ. ಲೆಕ್ಕ ಹಾಕಿ ನೋಡಿ, ಮಗನ ಪಾತ್ರ ಮಾಡಿದಾಗ ಅವರು 50ರ ಹೊಸ್ತಿಲಲ್ಲಿದ್ದರು!

ಹೊರದೇಶದಲ್ಲೂ ಇದುಂಟು. ಎಂದೂ ದೊಡ್ಡವನಾಗದ ಹುಡುಗ ಪೀಟರ್ ಪ್ಯಾನ್ 1904ರಲ್ಲಿ ಲಂಡನ್ನಿನ ರಂಗದ ಮೇಲೆ ಮೊದಲು ಬಂದಾಗ ಆ ಪಾತ್ರ ಮಾಡಿದವರು ನೀನಾ ಬೂಸಿಕೋ ಎಂಬ ನಟಿ. 1979ರಲ್ಲಿ ಬಿಬಿಸಿ ದೂರದರ್ಶನಕ್ಕಾಗಿ ಡೆನಿಸ್ ಪಾಟರ್ ಬರೆದ ‘ಬ್ಲೂ ರಿಮೆಂಬರ್ಡ್ ಹಿಲ್ಸ್’ ಇನ್ನೂ ವಿಚಿತ್ರ. ಅದರಲ್ಲಿ ಏಳು ವರ್ಷದ ಮಕ್ಕಳ ಪಾತ್ರಗಳನ್ನೆಲ್ಲ ಮಾಡಿದವರು ದೊಡ್ಡವರೇ. ದೊಡ್ಡ ಮೈಯ ಮನುಷ್ಯ ಸಣ್ಣ ಮಾತಿಗೆ ಮುನಿಸಿಕೊಂಡಾಗ ಮೊದಲು ನಗು ಬರುತ್ತದೆ. ಆಮೇಲೆ ಮಕ್ಕಳ ಜಗಳ ಎಷ್ಟು ಕ್ರೂರವಾಗಬಲ್ಲದು ಎಂಬುದು ಎದೆಗೆ ತಾಕುತ್ತದೆ.

ಇಷ್ಟೆಲ್ಲ ಹೇಳಲು ಕಾರಣ, ಇಂಥದ್ದೇ ಒಂದು ನಾಟಕದ ಪಾತ್ರ ಆಯ್ಕೆಗೆ ನಾನೂ ಹೋಗಿದ್ದೆ. ವಿಜಯನಗರದ ನಾವು ಒಂದಷ್ಟು ಹಿರಿಯರು ಸೇರಿ ಬೇಸಿಗೆ ರಜೆಯ ಕಥೆಯೊಂದನ್ನು ಆಡಲು ಹೊರಟಿದ್ದೇವೆ. ಪಾತ್ರ 6, ಎಲ್ಲರೂ ಎಂಟು ವರ್ಷದವರು. ಪಾತ್ರಧಾರಿಗಳಿಗೆ ಮಾತ್ರ 60 ದಾಟಿರಬೇಕು. ಬಂದವರು 14 ಮಂದಿ. ನಿರ್ದೇಶಕಿಗೆ ಮೂವತ್ತರ ಆಸುಪಾಸು. ಅವರು ನಮ್ಮನ್ನು ‘ಅಂಕಲ್, ಆಂಟಿ’ ಎಂದರೆ ನಾವು ಅವರನ್ನು ‘ಮೇಡಂ’ ಎನ್ನುತ್ತಿದ್ದೆವು.

ಮೊದಲು ಬಂದ ಇಬ್ಬರು ತೊದಲು ನುಡಿದರು, ಬೆರಳು ಚೀಪಿದರು. ಮೇಡಂ ನಯವಾಗಿ ತಡೆದರು. “ಎಂಟು ವರ್ಷದ ಮಕ್ಕಳು ತೊದಲಲ್ಲ ಅಂಕಲ್. ತಾವು ಚಿಕ್ಕವರು ಅಂತ ತೋರಿಸೋಕೂ ಹೋಗಲ್ಲ. ಅವರಿಗೆ ಏನೋ ಒಂದು ಬೇಕಾಗಿರುತ್ತೆ, ಅಷ್ಟೇ. ಈಗಲೇ ಬೇಕು!”

ಆಮೇಲೆ ಒಬ್ಬ ಅಜ್ಜಿಯ ಕೈಗೆ ಒಂದು ಗೋಲಿ ಕೊಟ್ಟು, “ಇದನ್ನ ಯಾರಿಗೂ ಕೊಡಬೇಡಿ” ಎಂದರು. ನಾವೆಲ್ಲ ಕೇಳಿದೆವು, ಬೈದೆವು, ಕಡಲೆಮಿಠಾಯಿಯ ಆಸೆ ತೋರಿಸಿದೆವು. ಅಜ್ಜಿ ಮಾತಾಡಲಿಲ್ಲ. ಮುಷ್ಟಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಗೋಡೆಗೆ ಒರಗಿ ನಿಂತೇಬಿಟ್ಟರು. ಆ ನಿಲುವಿನಲ್ಲಿ ಎಪ್ಪತ್ತು ವರ್ಷ ಕಾಣಲೇ ಇಲ್ಲ. ಮೊದಲ ಪಾತ್ರ ಅವರಿಗೆ ಸಿಕ್ಕಿತು.

ನನ್ನ ಸರದಿ ಬಂತು. ಐದು ಜನ ಲಗೋರಿ ಆಡಬೇಕು, ನಾನು ಎಲ್ಲರಿಗಿಂತ ಚಿಕ್ಕವನು. “ನೀವು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂಕಲ್. ಮಾತಿಲ್ಲ, ಆಡಿ ತೋರಿಸಿ” ಎಂದರು. ಚೆಂಡಿನ ಹಿಂದೆ ಓಡಿದೆ, ಅಂದರೆ 74ರ ಮಂಡಿ ಒಪ್ಪಿದಷ್ಟು. ಯಾರೂ ನನಗೆ ಗುರಿ ಇಡಲಿಲ್ಲ. ನಾನು ಜೋಡಿಸಿದ ಕಲ್ಲನ್ನು ತೆಗೆದು ಬೇರೆಯವರು ಮತ್ತೆ ಜೋಡಿಸಿದರು. ಎರಡು ನಿಮಿಷದಲ್ಲಿ ಗಂಟಲು ಕಟ್ಟಿತು. ನಟಿಸಬೇಕಾದ್ದೇ ಇರಲಿಲ್ಲ.

ಬ್ಯಾಂಕಿನಲ್ಲಿ 36 ವರ್ಷ ಲೆಕ್ಕ ಬರೆದವನು ನಾನು. ಸಂಜೆ ಒಂದು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೋಗುವಂತಿರಲಿಲ್ಲ. ಈಗ ಮನೆಯಲ್ಲಿ ಸಾಲದ ಮಾತು, ಡಾಕ್ಟರ ಮಾತು ಬಂದರೆ “ನಿಮಗ್ಯಾಕೆ ಅಪ್ಪ ಈ ತಲೆನೋವು, ಆರಾಮಾಗಿರಿ” ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು, ಅದು ನನಗೂ ಗೊತ್ತು. ಆದರೂ ಊಟದ ಮೇಜಿನಲ್ಲಿ ನಾನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಬಂದವರಲ್ಲಿ ಒಬ್ಬರ ಮಗ “ಈ ವಯಸ್ಸಲ್ಲಿ ಇದೆಲ್ಲ ಬೇಕಾ?” ಎಂದಿದ್ದನಂತೆ. ಅವರು ತರಕಾರಿ ತರುತ್ತೇನೆಂದು ಹೇಳಿ, ಚೀಲ ಹಿಡಿದು ಬಂದಿದ್ದರು!

ಅರವತ್ತಕ್ಕೆ ಅರಳುಮರಳು, ಮುದುಕರೆಂದರೆ ಮಕ್ಕಳಿದ್ದ ಹಾಗೆ ಎಂದು ಊರೆಲ್ಲ ಹೇಳುತ್ತದೆ. ಹಾಗೆಂದು ಬೇರೆಯವರು ನಮ್ಮನ್ನು ಮಗು ಮಾಡುವುದು ಒಂದು, ನಾವೇ ಮಗುವಿನ ವೇಷ ಹಾಕುವುದು ಇನ್ನೊಂದು. ವೇಷ ಹಾಕಲು ಮಾತು ಬಾಯಿಪಾಠ ಆಗಬೇಕು, ಎಲ್ಲಿ ನಿಲ್ಲಬೇಕೆಂಬ ಜ್ಞಾಪಕ ಬೇಕು, ಎದುರಿಗಿರುವವರ ಮೇಲೆ ಕಣ್ಣಿರಬೇಕು. ಅರಳುಮರಳಾದವರಿಗೆ ಆಗುವ ಕೆಲಸವಲ್ಲ ಅದು.

ಆ ಚಿಕ್ಕವನ ಪಾತ್ರ ನನಗೇ ಸಿಕ್ಕಿತು. ಪಾತ್ರ ಸಿಗದ ಎಂಟು ಮಂದಿಯೂ ಮನೆಗೆ ಹೋಗಲಿಲ್ಲ. ಒಬ್ಬರು ಮಾತು ಹೇಳಿಕೊಡಲು ನಿಂತರು, ಇಬ್ಬರು ಚಡ್ಡಿ ಲಂಗ ಹೊಲಿಯಲು, ಉಳಿದವರು ಹಿಮ್ಮೇಳದ ಹಾಡಿಗೆ.

ಮಕ್ಕಳೇ, ಈ ಭಾನುವಾರ ನಿಮ್ಮ ಮನೆಯಲ್ಲೂ ಹತ್ತು ನಿಮಿಷ ಹೀಗೆ ಆಡಿ ನೋಡಿ. ನೀವು ತಾತ, ಅಜ್ಜಿ ಆಗಿ, ಅವರು ಮಕ್ಕಳಾಗಲಿ. ನಿಯಮ ಎರಡೇ. ಅವರು ತೊದಲಬಾರದು, ನೀವು ಸುಮ್ಮನೆ ಕೆಮ್ಮುತ್ತಾ ಬೆನ್ನು ಬಾಗಿಸಬಾರದು. ಅವರಿಗೆ ಏನು ಬೇಕಾಗಿದೆ ಎಂದು ನೀವು ಯೋಚಿಸಿ, ನಿಮಗೇನು ಬೇಕೆಂದು ಅವರು ಯೋಚಿಸಲಿ.

ಆಟದಲ್ಲಿ ತಾತ ಔಟಾದರೆ ಔಟೆಂದೇ ಹೇಳಿ. ಪಾಪ ಅಂತ ಬಿಟ್ಟುಬಿಡಬೇಡಿ. ಲೆಕ್ಕಕ್ಕೆ ಇಟ್ಟುಕೊಂಡಿದ್ದೀರಿ ಅಂತ ಅವರಿಗೆ ಗೊತ್ತಾಗುವುದು ಆಗಲೇ.